ಮರೆಮ್ಮನ ಕಪ್ಪು ಕೆಸು

ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ ಆದ ವರ್ಷವೇ ಮರೆಮ್ಮನಿಗೂ ನನಗೂ ಮೊದಲ ಜಗಳ ಬಿದ್ದದ್ದು. ನಾನಾಗ ಅಫಜಲಪುರದಿಂದ ಕಲಬುರಗಿಗೆ ಹೋಗುವ ಮುಂಜಾನೆ ಬಸ್ಸಿನ ಕಂಡಕ್ಟರ್. ಆಕೆ ಆಧಾರ್ ಕಾರ್ಡನ್ನು ನನ್ನ ಮೂಗಿಗೇ ಹಿಡಿದಳು, ಸೊನ್ನೆ ಟಿಕೆಟ್ ಇಸಿದುಕೊಂಡಳು, ಎರಡು ದೊಡ್ಡ ಬಕೆಟ್ಟುಗಳನ್ನು ಡ್ರೈವರನ ಬೆನ್ನ ಹಿಂದೆ ಇಟ್ಟು ಅವುಗಳ ಪಕ್ಕದಲ್ಲೇ ಕುಕ್ಕರಿಸಿದಳು. ಬಕೆಟ್ಟಿನಲ್ಲಿ ಅರ್ಧ ನೀರು, ನೀರಿನಲ್ಲಿ ಬೇರು, ಮೇಲೆ ಮೊರದಷ್ಟು ಅಗಲದ ಕಪ್ಪು ಕಪ್ಪು ಎಲೆ.

"ಲಗೇಜ್ ಟಿಕೆಟ್ ತಗೋ ಬೇ," ಅಂದೆ.

"ಹೆಣ್ಣಮಕ್ಕಳಿಗೆ ಫ್ರೀ ಅಂತ ಹೇಳ್ಯಾರಲ್ರಿ ಸಾಹೇಬ್ರ."

"ಹೆಣ್ಣಮಕ್ಕಳಿಗೆ ಫ್ರೀ. ಕೆಸುವಿಗಿಲ್ಲ."

"ಇವೂ ಹೆಣ್ಣ ಅದಾವ ನೋಡ್ರಿ. ವರ್ಷಕ್ಕ ಎಂಟ ಮರಿ ಹಾಕ್ತಾವ."

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಚೌಡಾಪುರ ಬರುವ ತನಕ ಬೈದೆ. ಆಕೆ ಮಾತ್ರ ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ನೀರು ತುಳುಕದಂತೆ ಬಕೆಟ್ಟಿನ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದಳು. ಆಗ ನೋಡಿದೆ ಆ ಕೈಗಳನ್ನು. ಕರಿಯ ಮುಂಗೈ ಮೇಲೆ, ಬೆರಳ ಸಂದಿಯಲ್ಲಿ, ಮಣಿಕಟ್ಟಿನ ಸುತ್ತ ಬಿಳಿ ಬಿಳಿ ಮಚ್ಚೆ. ತೊನ್ನು. ಕೊನೆಗೆ ಆಕೆ ಲಗೇಜಿಗೆ ದುಡ್ಡು ಕೊಟ್ಟಳು, ನಾನು ಚಿಲ್ಲರೆ ಕೊಡುವಾಗ ಕೈ ತಾಗೀತೆಂದು ಬೆರಳ ತುದಿಯಲ್ಲಿ ಹಿಡಿದು ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ನಾನು ಅಂಥವನೇ ಆಗಿದ್ದೆ.

ಆಮೇಲೆ ನಾನು ನಿವೃತ್ತನಾಗುವ ತನಕ ವಾರಕ್ಕೆ ಎರಡು ಸಲ ಆಕೆ ನನ್ನ ಬಸ್ಸಿಗೆ ಬಂದಳು. ಲಗೇಜ್ ಟಿಕೆಟ್ಟನ್ನು ಪ್ರತಿ ಸಲ ತಗೊಂಡಳು, ಪ್ರತಿ ಸಲ ಜಗಳ ತೆಗೆದೇ ತಗೊಂಡಳು. ಜಗಳ ಆಡುತ್ತ ಆಡುತ್ತ ಪರಿಚಯ ಬೆಳೆಯಿತು. ಓದು ಬರಹ ಬಾರದ ಹೆಂಗಸು. ಫೋನಿಗೆ ಬಂದ ಮೆಸೇಜು, ದವಾಖಾನೆಯ ಚೀಟಿ, ಗೊಬ್ಬರದ ಪ್ಯಾಕೆಟ್ಟು, ಏನಿದ್ದರೂ ನನ್ನ ಕೈಗೆ ಕೊಟ್ಟು "ಓದಿ ಹೇಳ್ರಿ ಸಾಹೇಬ್ರ" ಅನ್ನುತ್ತಿದ್ದಳು. ನಾನು ಓದಿ ಹೇಳುತ್ತಿದ್ದೆ. ನಾನು ಹೇಳಿದ್ದೇ ಆಕೆಗೆ ಖರೆ.

ಮರೆಮ್ಮ ಹುಟ್ಟಿದ್ದು ಆಳಂದ ತಾಲೂಕಿನ ಸರಸಂಬಾದಲ್ಲಿ. ಮದುವೆಯಾಗಿ ಅಫಜಲಪುರಕ್ಕೆ ಬಂದವಳು. ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು ಮಹಾನಂದಾ, ಹತ್ತನೇ ಇಯತ್ತೆವರೆಗೆ ಓದಿ ಅಂಗನವಾಡಿಯಲ್ಲಿ ಸಹಾಯಕಿ. ಊರ ಅಂಚಿನ ಬೌದ್ಧರ ಓಣಿಯಲ್ಲಿ ಎರಡು ಖೋಲಿಯ ಮನೆ, ಗೋಡೆ ಮೇಲೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಕೆಸುವಿನ ಗಿಡ. ಬಡವರ ಮನೆಯಲ್ಲಿ ಬಚ್ಚಲ ನೀರೂ ದಂಡವಾಗಬಾರದು ನೋಡಿ. ಅದರ ಎಲೆಗೆ ಹುಣಸೆಹುಳಿ ಹಿಂಡಿ, ಬ್ಯಾಳಿ ಹಾಕಿ ಪಲ್ಯ ಮಾಡಿದರೆ ಒಂದು ಹೊತ್ತು ಕಳೆಯುತ್ತಿತ್ತು.

ಮೊದಲು ಆಕೆ ಮದುವೆಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಲವತ್ತು ದಾಟಿದ ಮೇಲೆ ಕೈಗೆ ತೊನ್ನು ಹತ್ತಿತು. ಅಡುಗೆಯವರು ಒಬ್ಬೊಬ್ಬರಾಗಿ "ಮುಂದಿನ ಸಲ ಹೇಳಿ ಕಳಸ್ತೀವಿ" ಅಂದರು. ಮುಂದಿನ ಸಲ ಬರಲೇ ಇಲ್ಲ. ಹೊಲದ ಕೂಲಿಗೆ ಹೋದಳು. ಭೀಮಾ ದಂಡೆಯಲ್ಲಿ ಹೂಳೆತ್ತುವ ಕೆಲಸಕ್ಕೆ ಹೋದಾಗ ಕೆಸರಿನಲ್ಲಿ ಒಂದು ಕಪ್ಪು ದಂಟಿನ ಕೆಸು ಸಿಕ್ಕಿತು. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹಿತ್ತಲಲ್ಲಿ ಊರಿದಳು. ಎಲೆ ಎಷ್ಟು ಕಪ್ಪೆಂದರೆ ಮಹಾನಂದಾ "ಅವ್ವಾ, ಇದನ್ನ ತಿಂದ್ರ ಸಾಯ್ತೀವಿ" ಅಂದಳಂತೆ. ಅದನ್ನು ಅವರು ತಿನ್ನಲಿಲ್ಲ. ನೋಡಲು ಚಂದ ಇದೆ ಎಂದು ಬಿಟ್ಟರು.

ಅದು ಅಂಗಡಿಗೆ ಹತ್ತಿದ ಕತೆ ಬೇರೆಯೇ ಇದೆ. ಕಲಬುರಗಿಯಲ್ಲಿ ಫಯಾಜ ಎಂಬುವನದು ಮೀನಿನ ಗಾಜಿನ ತೊಟ್ಟಿಗಳ ಅಂಗಡಿ. ಮರೆಮ್ಮ ಅವನ ಅಂಗಡಿಯ ಮುಂದೆಯೇ ಕೂತು ಹಸಿರು ಕೆಸುವಿನ ಎಲೆ ಮಾರುತ್ತಿದ್ದಳು. ಒಂದು ದಿನ ಕಪ್ಪು ಕೆಸುವಿನ ಒಂದು ಗಿಡವನ್ನೂ ಬೇರು ಸಮೇತ ಮಗ್ಗಿನಲ್ಲಿ ಇಟ್ಟುಕೊಂಡಿದ್ದಳು. ಫಯಾಜ ಕಣ್ಣು ಹಾಕಿದ, ಇಸಿದುಕೊಂಡ, ಗಿಡವನ್ನು ಇಡಿಯಾಗಿ ಮೀನಿನ ತೊಟ್ಟಿಯಲ್ಲಿ ಮುಳುಗಿಸಿದ. ಎಂಟು ದಿನಕ್ಕೆ ಕೊಳೆತು ನಾರಿತು, ನಾಲ್ಕು ಮೀನೂ ಹೋದವು. ಮುಂದಿನ ವಾರ ಬಂದ ಮರೆಮ್ಮನ ಮೇಲೆ ಹರಿಹಾಯ್ದ.

"ಎಂಥಾ ಗಿಡ ಕೊಟ್ಟಿಯಮ್ಮಾ, ಪೂರಾ ಸಡಗಯಾ!"

ಮರೆಮ್ಮ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ಕೇಳಿದಳಂತೆ: "ನಿನ್ನ ತೆಲಿ ಎಂಟ ದಿನ ನೀರಾಗ ಅದ್ದಿದ್ರ ನೀ ಬದುಕ್ತಿಯೇನೋ ತಮ್ಮಾ? ಕಾಲು ನೀರಾಗಿರಬೇಕ, ತೆಲಿ ಗಾಳ್ಯಾಗಿರಬೇಕ. ಇಷ್ಟ ತಿಳಿಯೂದಿಲ್ಲ, ಅಂಗಡಿ ಬ್ಯಾರೆ ಹಾಕ್ಯಾನ!"

ಫಯಾಜ ಒಳ್ಳೆಯ ಮನುಷ್ಯ, ಬೈಸಿಕೊಂಡು ಕಲಿತ. ತೊಟ್ಟಿಯ ಅಂಚಿಗೆ ಗಿಡ ಕಟ್ಟಿ ಬೇರನ್ನಷ್ಟೇ ಇಳಿಬಿಟ್ಟ. ಮೀನಿನ ಹೊಲಸನ್ನು ಬೇರು ತಿಂದಿತು, ನೀರು ತಿಳಿಯಾಯಿತು, ಬೇರಿನ ಸಂದಿಯಲ್ಲಿ ಮರಿಮೀನು ಅಡಗಿ ಬದುಕಿದವು, ಮೇಲೆ ಕಪ್ಪೆಲೆ ಛತ್ರಿ ಹಿಡಿಯಿತು. ಡಾಕ್ಟರರು, ವಕೀಲರು ತಮ್ಮ ಮನೆಗೂ ಬೇಕೆಂದರು. ಮರೆಮ್ಮನ ಬಕೆಟ್ಟುಗಳು ನನ್ನ ಬಸ್ಸು ಹತ್ತಿದ್ದು ಹಾಗೆ.

ನಿವೃತ್ತಿಗೆ ಮೊದಲೇ ಒಮ್ಮೆ ಆಕೆಯ ಹಿತ್ತಲು ನೋಡಲು ಹೋಗಿದ್ದೆ. ಒಡೆದ ಸಿಮೆಂಟ್ ತೊಟ್ಟಿ, ಲಾರಿಯ ಅರ್ಧ ಟೈರು, ಯಾರೋ ಎಸೆದ ಬಾತ್‌ಟಬ್ಬು, ಎಲ್ಲದರಲ್ಲೂ ಕೆಸು. ಮೇಲೆ ಹಳೆಯ ಸೀರೆಗಳ ಚಪ್ಪರ. ನಮ್ಮ ಬಿಸಿಲು ಅಂದರೆ ತಮಾಷೆಯೇನು, ಎಲೆ ಹಪ್ಪಳದಂತೆ ಸುಟ್ಟುಹೋಗುತ್ತದೆ. ಬೋರಿನ ನೀರು ಉಪ್ಪು, ಅದನ್ನು ಹಾಕಿದರೆ ಎಲೆಯಂಚು ಕಂದುತ್ತದೆ. ಅದಕ್ಕೆ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಅದು ಮುಗಿದ ಮೇಲೆ ಹೊಳೆನೀರು ತರಿಸುತ್ತಿದ್ದಳು. ಗಿಡ ಕೊಯ್ಯುವಾಗ ತುರಿಸಬಾರದೆಂದು ಕೈಗೆ ಹುಣಸೆಹಣ್ಣು ತಿಕ್ಕಿಕೊಳ್ಳುತ್ತಿದ್ದಳು.

ಆ ಹಿತ್ತಲಲ್ಲೇ ಮಚ್ಚೆಯ ಕೆಸು ಹುಟ್ಟಿತು. ಒಂದು ದೀಪಾವಳಿ ಮುಂದೆ ಕಪ್ಪು ಕೆಸುವಿನ ಒಂದು ಎಲೆಯಲ್ಲಿ ಬಿಳಿ ಗೀರು ಬಂತು. ಮಹಾನಂದಾ ರೋಗ ಎಂದು ತಿಳಿದು ಚಿವುಟಲು ಹೋದಳು.

"ಅವ್ವಾ, ಈ ಎಲಿಗೆ ತೊನ್ನ ಹತ್ತೇತಿ. ಉಳದವಕ್ಕೂ ಹತ್ತೀತು, ಕಿತ್ತ ಒಗಿಯೂನು."

"ಹೇ, ಬಿಡ ಅದನ್ನ," ಅಂದಳು ಮರೆಮ್ಮ. "ತೊನ್ನ ಹತ್ತಿದಾಕಿ ನಾ ಇನ್ನೂ ಅದೀನಲ್ಲ. ನನ್ನ ಯಾರರ ಕಿತ್ತ ಒಗದಾರೇನು? ಒಗದವರ ಮನಿ ಮುಂದ ನಾ ಈಗೂ ಹಾಯ್ದ ಹೋಗ್ತೇನಿ."

ಆ ಗಿಡದ ಮರಿಯಲ್ಲಿ ಇನ್ನಷ್ಟು ಬಿಳಿ ಬಂತು. ಹಾಗೆಂದು ಅದು ತನ್ನಷ್ಟಕ್ಕೆ ತಾನು ನಿಲ್ಲುವ ಜಾತಿಯಲ್ಲ. ಅದೇ ಬುಡದಿಂದ ಪೂರಾ ಕಪ್ಪು ಚಿಗುರೂ ಏಳುತ್ತದೆ, ಅದಕ್ಕೆ ಜೋರು ಹೆಚ್ಚು. ಬಿಟ್ಟರೆ ಮಚ್ಚೆಯ ಚಿಗುರನ್ನು ತುಳಿದು ತಾನೇ ಗಿಡವಾಗುತ್ತದೆ. ಮರೆಮ್ಮ ದಿನಾ ಮುಂಜಾನೆ ಒಂದೊಂದೇ ತೊಟ್ಟಿಯ ಮುಂದೆ ಕೂತು, ಎಲೆ ಬಿಚ್ಚುವ ಮೊದಲೇ ಸುರುಳಿಯನ್ನು ಬೆರಳಲ್ಲಿ ಮುಟ್ಟಿ, ಇದು ಮಚ್ಚೆಯದು, ಇದು ಅಲ್ಲ ಎಂದು ಹೇಳಿ, ಅಲ್ಲದ್ದನ್ನು ಬುಡದಲ್ಲೇ ಚಿವುಟುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದರೆ "ದಂಟಿನ ಕೆಳಗ ಬೆಳ್ಳಗ ಎಳಿ ಇರ್ತೈತಿ, ನಿಮ್ಮ ಕಣ್ಣಿಗೆ ಬೀಳೂದಿಲ್ಲ" ಅನ್ನುತ್ತಿದ್ದಳು. ನಿಜವಾಗಿಯೂ ನನಗೆ ಬೀಳಲಿಲ್ಲ. ಎರಡು ವರ್ಷದ ಇಂಥ ಚಿವುಟಾಟದ ಮೇಲೆ ಒಂಬತ್ತು ಗಿಡ ನಿಂತವು. ಕಪ್ಪೆಲೆ, ಅದರ ಮೇಲೆ ಹಾಲು ಸಿಡಿದ ಹಾಗೆ ಬಿಳಿ. ಫಯಾಜ ನೋಡಿ "ಮಾಶಾಲ್ಲಾ" ಅಂದವನು ಕುರ್ಚಿಯ ಮೇಲೆ ಕೂತೇಬಿಟ್ಟ.

"ಹೊರಗಿಂದ ಬರೋ ಗಿಡಕ್ಕೆಲ್ಲ ಒಂದೊಂದು ಹೆಸರಿರ್ತದ ಅಮ್ಮಾ. ಇದಕ್ಕ ಏನಂತ ಬರೀಲಿ?"

ಮರೆಮ್ಮ ಮನೆಗೆ ಹೋಗಿ ಮಗಳನ್ನು ಕೇಳಿದಳು. ಮಹಾನಂದಾ ಹೇಳಿದಳು, "ನಿನ್ನ ಹೆಸರ ಇಡೂನು ಅವ್ವಾ. ನಿನ್ನ ಕೈ ನೋಡು, ಆ ಎಲಿ ನೋಡು." ಮರೆಮ್ಮ ಮೊದಲು ನಕ್ಕಳಂತೆ. ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ನಿಂತು ಸಣ್ಣ ದನಿಯಲ್ಲಿ ಹೇಳಿದಳು: "ಸಾಹೇಬ್ರ, ನನ್ನ ಹೆಸರ ರೇಶನ್ ಕಾರ್ಡ್, ಆಧಾರ್ ಕಾರ್ಡ್ ಬಿಟ್ರ ಎಲ್ಲೂ ಬರದಿಲ್ರಿ. ಅವನ್ನೂ ಸರಕಾರದವ್ರ ಕೇಳ್ತಾರಂತ ಬರಸೇನಿ. ನಾಕ ಮಂದಿ ನೋಡೂ ಹಂಗ, ದೊಡ್ಡದೊಂದ ಬೋರ್ಡಿನ ಮ್ಯಾಲ ನನ್ನ ಹೆಸರ ಒಮ್ಮಿ ನೋಡಿ ಸಾಯಬೇಕು ಅನಸೇತಿ. ಈ ಆಶಾ ಬಾಳ ದೊಡ್ಡದಾತೇನ್ರಿ?"

"ದೊಡ್ಡದೇನೂ ಅಲ್ಲ," ಅಂದೆ. ಅಷ್ಟು ವರ್ಷ ಜಗಳ ಆಡಿದ ಹೆಂಗಸು ಅಂದು ಮೊದಲ ಸಲ ತನ್ನ ಆಸೆಯೊಂದನ್ನು ನನ್ನ ಹತ್ತಿರ ಹೇಳಿದ್ದಳು.

ವಿಜಯಶ್ರೀ ಬಂದದ್ದು ಇದಾದ ಮೇಲೆ. ಆಳಂದದಲ್ಲಿ ಆಕೆಯದು ದೊಡ್ಡ ನರ್ಸರಿ. ಫಂಕ್ಷನ್ ಹಾಲು, ತೋಟದ ಮನೆ, ಧಾಬಾಗಳ ಮುಂದೆ ಕೊಳ ಕಟ್ಟಿಸಿ, ತಾವರೆ ಬಿಟ್ಟು, ಕಾರಂಜಿ ಹಾರಿಸಿಕೊಡುತ್ತಿದ್ದಳು. ಓದಿದವಳು, ಕಾರಿನಲ್ಲಿ ಓಡಾಡುವವಳು, ಮಾತು ಬೆಣ್ಣೆ. ಫಯಾಜನ ಅಂಗಡಿಯಲ್ಲಿ ಮಚ್ಚೆಯ ಕೆಸು ನೋಡಿ, ಊರು ಕೇಳಿ, ನೆಟ್ಟಗೆ ಮರೆಮ್ಮನ ಓಣಿಗೇ ಬಂದಳು. ಅಂಥ ಜಾತಿಯ, ಅಂಥ ಅಂತಸ್ತಿನ ಹೆಂಗಸು ಆ ಓಣಿಗೆ ಬಂದದ್ದೇ ಮೊದಲು. ಬಂದವಳು ನೆಲದ ಮೇಲೆ ಚಾಪೆ ಹಾಕಿಸಿಕೊಂಡು ಕೂತಳು. ಮರೆಮ್ಮನ ಮಚ್ಚೆಯ ಕೈಯಿಂದಲೇ ಚಾ ಇಸಿದುಕೊಂಡು ಕುಡಿದಳು. ಮರೆಮ್ಮನನ್ನು "ಆಯಿ" ಎಂದಳು. ನಾನೂ ಅಂದು ಅಲ್ಲಿದ್ದೆ, ನನ್ನನ್ನು "ಅಣ್ಣಾರ" ಎಂದಳು. ನಾನು ಉಬ್ಬಿಹೋದೆ. ನನ್ನ ಕಣ್ಣಿಗೂ ಅಂದು ಮಣ್ಣು ಬಿತ್ತು ಎಂದು ಈಗ ಹೇಳಿದರೆ ಏನು ಬಂತು?

"ಆಯಿ, ಈ ಗಿಡ ನನಗ ಬೇಕ್ರಿ. ಏನ ಕೊಡಲಿ ಹೇಳ್ರಿ," ಅಂದಳು ವಿಜಯಶ್ರೀ.

ಮರೆಮ್ಮ ಏನು ಮಾಡಿದಳು ಗೊತ್ತೇ? ಮಗಳನ್ನು ಒಳಗೆ ಕರೆದು ಉಡಿ ತುಂಬಲು ಹೇಳಿದಳು. ಮನೆಗೆ ಮೊದಲ ಸಲ ಬಂದ ಮುತ್ತೈದೆ ಬರಿಗೈಯಲ್ಲಿ ಹೋಗಬಾರದು, ಆಕೆಯ ಸೆರಗಿಗೆ ಅಕ್ಕಿ, ಕುಬಸದ ಬಟ್ಟೆ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಹಾಕಿ ಕಳಿಸಬೇಕು. ಬುದ್ಧ ವಿಹಾರದ ಭಿಕ್ಷು ಭಂತೇಜಿ ಇಂಥದ್ದೆಲ್ಲ ಬಿಡಿ ಎಂದು ಎಷ್ಟೋ ಸಲ ಹೇಳಿದ್ದರು, ಮರೆಮ್ಮ ಎಷ್ಟೋ ಬಿಟ್ಟೂ ಇದ್ದಳು, ಉಡಿ ಮಾತ್ರ ಬಿಟ್ಟಿರಲಿಲ್ಲ. ತಾನು ವಿಧವೆ ಎಂದು ಮಗಳ ಕೈಯಿಂದ ಹಾಕಿಸಿದಳು. ಮನೆಯಲ್ಲಿ ಅರಿಷಿಣದ ಬೇರು ಇತ್ತು. ಮರೆಮ್ಮ ಅದನ್ನು ಬದಿಗಿಟ್ಟು, ಹಿತ್ತಲಿಗೆ ಹೋಗಿ, ಒಂಬತ್ತರಲ್ಲಿ ಎಲ್ಲಕ್ಕಿಂತ ಚೊಲೋ ಗಿಡದ ಎರಡು ಮರಿಗಡ್ಡೆ ಕಿತ್ತು ತೊಳೆದು ತಂದಳು. ಅವೂ ಉಡಿಗೆ ಬಿದ್ದವು.

"ಅಯ್ಯ, ಹಿಂಗ ಪುಕ್ಕಟೆ ಹೆಂಗ ತಗೊಳ್ಲಿ ಆಯಿ?"

"ಉಡಿಗೆ ರೊಕ್ಕ ಕಟ್ತಾರೇನ ನನ್ನ ಮಗಳ? ಒಂದ ಮಾತ ನಡಸಿಕೊಡು ಸಾಕು. ಇದನ್ನ ಎಲ್ಲಿ ಹಚ್ಚಿದ್ರೂ ಬೋರ್ಡಿನ ಮ್ಯಾಲ ಮರೆಮ್ಮ ಅಂತ ಬರಸು."

"ಘತ್ತರಗಿ ಭಾಗ್ಯವಂತಿ ಆಣಿ ಆಯಿ, ನಿಮ್ಮ ಹೆಸರ ಬರಸ್ತೇನಿ. ದೊಡ್ಡ ಅಕ್ಷರದಾಗ."

ಫಯಾಜನಿಗೆ ಸುದ್ದಿ ಮುಟ್ಟಿದಾಗ ಅವನು ಹಣೆ ಹಣೆ ಬಡಿದುಕೊಂಡ. "ಒಂದ್ ಕಾಗದರ ಮಾಡ್ಕೋಬೇಕಿತ್ತು ಅಮ್ಮಾ," ಅಂದ. ಮರೆಮ್ಮನ ಬದಲು ನಾನೇ ಅವನ ಮೇಲೆ ಏರಿಹೋದೆ. ಉಡಿ ತುಂಬುವಾಗ ಯಾರಾದರೂ ಸ್ಟಾಂಪ್ ಪೇಪರ್ ಇಡುತ್ತಾರೇನೋ ಮಾರಾಯಾ, ಎಲ್ಲರನ್ನೂ ಅಂಗಡಿಯ ಕಣ್ಣಿಂದ ನೋಡಬೇಡ ಎಂದು ಉಪದೇಶ ಕೊಟ್ಟೆ.

ಗಡ್ಡೆ ಕೊಟ್ಟು ಮೂರು ತಿಂಗಳಿಗೆ ವಿಜಯಶ್ರೀ ಫೋನು ಮಾಡಿದಳು, ಗಿಡ ಪೂರಾ ಕಪ್ಪಾಗುತ್ತಿದೆ ಎಂದು. ಮರೆಮ್ಮ ಎರಡು ಬಸ್ಸು ಬದಲಿಸಿ ಆಳಂದಕ್ಕೆ ಹೋದಳು. ಒಂದು ಸಲವಲ್ಲ, ನಾಲ್ಕು ಸಲ. ಯಾವ ಚಿಗುರು ಇಡಬೇಕು, ಯಾವುದು ಚಿವುಟಬೇಕು, ದಂಟಿನ ಕೆಳಗಿನ ಬಿಳಿ ಎಳೆಯನ್ನು ಹೇಗೆ ನೋಡಬೇಕು, ಎಲ್ಲವನ್ನೂ ಆಕೆಯ ಕೈ ಹಿಡಿದು ಕಲಿಸಿದಳು. ನಾಲ್ಕನೆಯ ಸಲ ವಿಜಯಶ್ರೀ ತಾನೇ ಸರಿಯಾಗಿ ಚಿವುಟಿ ತೋರಿಸಿದಾಗ ಮರೆಮ್ಮನಿಗೆ ಹಿಗ್ಗೋ ಹಿಗ್ಗು. "ಬಾಳ ಶಾಣ್ಯಾ ಹುಡುಗಿರಿ, ನನಗಿಂತ ಜಲ್ದಿ ಕಲತಾಳ," ಎಂದು ನನ್ನ ಮುಂದೆ ಹೊಗಳಿದಳು. ಅದಾದ ಮೇಲೆ ಫೋನು ಬರಲಿಲ್ಲ. ಕೆಲಸ ಇರಬೇಕು ಎಂದುಕೊಂಡೆವು.

ಮಾಘದಲ್ಲಿ ಫಯಾಜ ಸುದ್ದಿ ತಂದ. ಜೇವರ್ಗಿಯಲ್ಲಿ ಹೊಸ ಫಂಕ್ಷನ್ ಹಾಲ್ ಒಂದು ತೆರೆಯಲಿದೆ, ಅದರ ಮುಂದೆ ವಿಜಯಶ್ರೀಯೇ ದೊಡ್ಡ ಕೊಳ ಮಾಡಿದ್ದಾಳೆ, ಕೊಳದ ನಡುವೆ ಮಚ್ಚೆಯ ಕೆಸು ಹಚ್ಚಿದ್ದಾಳೆ. ಮೀನು ಬಿಡಲು ಇವನೇ ಹೋಗಿದ್ದ. "ಬೋರ್ಡಿಗೆ ಕಂಬ ನೆಡಾಕತ್ತಿದ್ರು ಅಮ್ಮಾ, ದೊಡ್ಡ ಬೋರ್ಡ್!" ಅಂದ. ಅವನೂ ಪಾಪ ಖುಷಿಯಲ್ಲೇ ಹೇಳಿದ. ಕರೆ ಬರದಿದ್ದರೇನು, ಉದ್ಘಾಟನೆಯ ದಿನ ಹೋಗಿಯೇ ಬರೋಣ ಎಂದು ತೀರ್ಮಾನವಾಯಿತು. ನಾನು ಆಗಲೇ ನಿವೃತ್ತ, ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದೆ. ತಾಯಿ ಮಗಳ ಜೊತೆ ನಾನೂ ಹೊರಟೆ.

ಮರೆಮ್ಮ ಅಂದು ಮಗಳ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಯಾವಾಗಲೂ ನಾಲ್ಕು ಜನರ ನಡುವೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವವಳು ಅಂದು ಮುಚ್ಚಿಕೊಳ್ಳಲಿಲ್ಲ. ಬಸ್ಸು ಘತ್ತರಗಿ ದಾಟುವಾಗ ಭಾಗ್ಯವಂತಿಯ ಗುಡಿಯ ಕಡೆಗೆ ತಿರುಗಿ "ಆಕಿ ಆಣಿ ನಡಸ್ಯಾಳ ನೋಡವ್ವಾ, ಆಕಿನ್ನ ಚೊಲೋ ಇಡು," ಎಂದು ವಿಜಯಶ್ರೀಗಾಗಿ ಬೇಡಿಕೊಂಡಳು.

ಫಂಕ್ಷನ್ ಹಾಲ್ ಮುಂದೆ ಕಾರುಗಳ ಸಾಲು, ಶಾಮಿಯಾನಾ, ಪನ್ನೀರು. ಕೊಳ ಮಾತ್ರ ಚಂದವೇ ಇತ್ತು, ಹೊಟ್ಟೆಕಿಚ್ಚಿಗೆ ಇಲ್ಲ ಅನ್ನಲಾರೆ. ಸುತ್ತ ಕರಿಕಲ್ಲು, ನೀರಿನಲ್ಲಿ ಕೆಂಪು ಮೀನು, ನಡುವೆ ದಿಬ್ಬದ ಮೇಲೆ ಇಪ್ಪತ್ತೋ ಮೂವತ್ತೋ ಮಚ್ಚೆಯ ಕೆಸು, ಗಾಳಿಗೆ ತಲೆ ಆಡಿಸುತ್ತ. ಪಕ್ಕದಲ್ಲಿ ಆಳೆತ್ತರದ ಹಿತ್ತಾಳೆ ಬಣ್ಣದ ಬೋರ್ಡು. ಮೊದಲು ಓದಿದವಳು ಮಹಾನಂದಾ. ಆಕೆಯ ಮುಖ ಸುಣ್ಣವಾಯಿತು. ಆಮೇಲೆ ನಾನು ಓದಿದೆ.

"ಕೆಸು: ವಿಜಯಶ್ರೀ. ಶೋಧಿಸಿ ಬೆಳೆಸಿದವರು ಶ್ರೀಮತಿ ವಿಜಯಶ್ರೀ ಕಲ್ಯಾಣಕುಮಾರ, ಆಳಂದ."

"ಎಲ್ಲೈತಿ ಬೇ ನನ್ನ ಹೆಸರ?" ಮರೆಮ್ಮ ಮಗಳನ್ನು ಕೇಳಿದಳು. ಮಹಾನಂದಾ ನನ್ನ ಮುಖ ನೋಡಿದಳು. ಮರೆಮ್ಮ ನನ್ನ ಕಡೆ ತಿರುಗಿದಳು. "ಈಕಿಗಿ ಏನಾತೋ. ನೀವ ಓದ್ರಿ ಸಾಹೇಬ್ರ. ಜೋರಾಗಿ ಓದ್ರಿ, ನಾಕ ಮಂದಿಗೆ ಕೇಳ್ಲಿ."

ಆ ಮುದುಕಿಯ ಕಣ್ಣಲ್ಲಿ ಅಷ್ಟು ಹಿಗ್ಗಿತ್ತು. ನನ್ನ ಬಾಯಿಂದ ತಾನಾಗಿ ಬಂತು: "ಮರೆಮ್ಮ ಅಂತ ಬರದಾರ. ಬೆಳೆಸಿದವರು ಅಫಜಲಪುರದ ಮರೆಮ್ಮ, ಅಂತ."

"ಹೌದೇನ ಬೇ?" ಎಂದು ಮಗಳನ್ನು ಕೇಳಿದಳು.

"ಹೌದವ್ವಾ," ಅಂದಳು ಮಹಾನಂದಾ.

ಮರೆಮ್ಮ ಚಪ್ಪಲಿ ಬಿಟ್ಟಳು. ಬೋರ್ಡಿನ ಹತ್ತಿರ ಹೋಗಿ ಮೊದಲ ಸಾಲಿನ ದೊಡ್ಡ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬೇರೊಬ್ಬಳ ಹೆಸರನ್ನು ತನ್ನದೆಂದು ಸವರುತ್ತ ನಿಂತಳು. ನನಗೆ ನೋಡಲು ಆಗಲಿಲ್ಲ. ಮಹಾನಂದಾ ನನ್ನ ತೋಳು ಹಿಡಿದು ಎಳೆದಳು, ಇಬ್ಬರೂ ವಿಜಯಶ್ರೀಯನ್ನು ಹುಡುಕಿಕೊಂಡು ಶಾಮಿಯಾನಾದೊಳಗೆ ಹೋದೆವು.

ಆಕೆ ನಮ್ಮನ್ನು ನೋಡಿ ಒಂದು ಕ್ಷಣ ಬೆಚ್ಚಿದಳು, ಆಮೇಲೆ ಅದೇ ಬೆಣ್ಣೆ ನಗು.

"ಅಕ್ಕಾರ, ಬೋರ್ಡಿನ ಮ್ಯಾಲ ಅವ್ವನ ಹೆಸರ ಎಲ್ಲಿ ಹೋತ್ರಿ?" ಮಹಾನಂದಾ ಕೇಳಿದಳು.

"ಅಲ್ಲವಾ, ಉಡಿಯಾಗ ಹಾಕಿದ ಮ್ಯಾಲ ಅದು ನಂದಾತಲ್ಲ? ಉಡಿಗೆ ಹಾಕಿದ್ದನ್ನ ಯಾರರ ಹೊಳ್ಳಿ ಕೇಳ್ತಾರೇನು?"

"ಗಡ್ಡಿ ಕೇಳಾಕತ್ತಿಲ್ರಿ. ಹೆಸರ ಕೇಳಾಕತ್ತೇನಿ. ಆಣಿ ಮಾಡಿದ್ರಿ."

ವಿಜಯಶ್ರೀ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ತಿಳಕೋ ಮಹಾನಂದಾ. ಮರೆಮ್ಮ ಅಂತ ಬರದ್ರ ಮದವಿ ಮನಿಯವ್ರು ತಗೊಂತಾರೇನು? ಹೆಸರ ಕೇಳಿದ ಕೂಡ್ಲೆ ಯಾವ ಓಣ್ಯಾವ್ರು ಅಂತ ಕೇಳ್ತಾರ. ಮುಂದ ಆ ಕೈ ಬ್ಯಾರೆ. ನಾ ಏನ ಮಾಡ್ಲಿ, ವ್ಯಾಪಾರ ಅಲ್ಲೇನು?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಆ ಕೈಯಿಂದಲೇ ಚಾ ಇಸಿದುಕೊಂಡು ಕುಡಿದವಳು, ಆ ಕೈ ಹಿಡಿದೇ ಕಸುಬು ಕಲಿತವಳು, ಉಂಡ ಮನೆಯ ಗಳ ಎಣಿಸಿದವಳು ಈ ಮಾತಾಡಿದಳು. ನನ್ನ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಫಂಕ್ಷನ್ ಹಾಲ್ ಮಾಲಕರು ನಾಲ್ಕು ಜನ ಗಣ್ಯರನ್ನು ಕರಕೊಂಡು ಬಂದರು. ವಿಜಯಶ್ರೀ ಮಹಾನಂದಾಳ ಹೆಗಲ ಮೇಲೆ ಕೈಯಿಟ್ಟು "ನಮ್ಮ ಕಡೆ ಕೆಲಸ ಮಾಡೂ ಮಂದಿರಿ, ಬಾಳ ನಂಬಿಗಸ್ತರು" ಎಂದು ಪರಿಚಯ ಮಾಡಿದಳು. ತುಂಬಿದ ಬಸ್ಸಿನಲ್ಲಿ ಎಂಬತ್ತು ಜನರನ್ನು ಹಿಂದಕ್ಕೆ ದಬ್ಬಿದ ಬಾಯಿ ನನ್ನದು. ಅಂದು ಅದು ತೆರೆಯಲಿಲ್ಲ. ದೊಡ್ಡವರ ಮುಂದೆ ಕೈ ಮುಗಿದುಬಿಟ್ಟೆ, ಥೂ ನನ್ನ ಜನ್ಮಕ್ಕೆ!

ಹೊರಗೆ ಬಂದರೆ ಮರೆಮ್ಮ ಬೋರ್ಡಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಾಳೆ, ಮಚ್ಚೆಯ ಕೈಯನ್ನು ಮಚ್ಚೆಯ ಎಲೆಯ ಮೇಲಿಟ್ಟು. ಎದುರಿಗೆ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದಿದ್ದಾಳೆ. ಪಲ್ಲವಿ ಎಂದು ಆಕೆಯ ಹೆಸರು, ಸುದ್ದಿಯ ಯಾವುದೋ ಚಾನೆಲ್ಲಿಗೆ ವಿಡಿಯೋ ಮಾಡುವವಳಂತೆ. ಮರೆಮ್ಮನೇ ಕರೆದು "ನನ್ನ ಹೆಸರಿನ ಕೂಡ ನಂದೊಂದ ಫೋಟೋ ಹೊಡಿಯವ್ವಾ" ಅಂದಿದ್ದಳು. ನಾವು ಹತ್ತಿರ ಹೋಗುವಷ್ಟರಲ್ಲಿ ಆ ಹುಡುಗಿ ಕ್ಯಾಮೆರಾ ಇಳಿಸಿ ಕೇಳುತ್ತಿದ್ದಳು.

"ಅಮ್ಮಾ, ನೀವೇನಾ ವಿಜಯಶ್ರೀ ಅಂದ್ರ?"

"ಇಲ್ಲವಾ. ನಾ ಮರೆಮ್ಮ. ಅದ ಬರದೈತಲ್ಲ ಅಲ್ಲಿ."

"ಇಲ್ಲಮ್ಮಾ. ಇಲ್ಲಿ ವಿಜಯಶ್ರೀ ಅಂತ ಐತಿ. ಶೋಧಿಸಿ ಬೆಳೆಸಿದವರು ವಿಜಯಶ್ರೀ ಕಲ್ಯಾಣಕುಮಾರ, ಆಳಂದ, ಅಂತ."

"ಇನ್ನೊಮ್ಮಿ ಓದವಾ."

ಹುಡುಗಿ ಇನ್ನೊಮ್ಮೆ ಓದಿದಳು. ಮರೆಮ್ಮ ಎಲೆಯ ಮೇಲಿನ ಕೈ ತೆಗೆದು ಸೆರಗಿನೊಳಗೆ 	ಇಟ್ಟುಕೊಂಡಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ನಾನು ಓಡಿಹೋಗಿ ಬಡಬಡಿಸಿದೆ: "ಆಕಿ ಮೋಸ ಮಾಡ್ಯಾಳ ಮರೆಮ್ಮಾ, ಬಿಡೂದಿಲ್ಲ ಆಕಿನ್ನ, ಅರ್ಜಿ ಕೊಡೂನು, ಪೇಪರಿಗೆ ಹಾಕಸೂನು..."

"ಆಕಿ ಮಾತ ಬಿಡ್ರಿ," ಅಂದಳು ಮರೆಮ್ಮ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಆಕಿ ನಿನ್ನೆ ಬಂದಾಕಿ. ನೀವ ಯಾಕ ಸುಳ್ಳ ಓದಿದ್ರಿ ಸಾಹೇಬ್ರ?"

"ನಿನಗ ಬ್ಯಾಸರ ಆಗಬಾರದಂತ..."

"ಅದಲ್ರಿ. ನನಗ ಓದಾಕ ಬರೂದಿಲ್ಲ ಅಂತ."

ಮಗಳ ಕಡೆ ನೋಡಿದಳು. "ನೀನೂ ಹೌದಂದಿ," ಅಂದಳು. ಮಹಾನಂದಾ ಅಲ್ಲೇ ಕರಿಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು.

ಬಸ್‌ಸ್ಟ್ಯಾಂಡಿಗೆ ನಡೆದೇ ಬಂದೆವು, ಮರೆಮ್ಮ ನಾಲ್ಕು ಮಾರು ಮುಂದೆ. ನಮ್ಮ ಬಸ್ಸು ಹೊರಡಲು ನಿಂತಿತ್ತು. ನಾನು ಬಾಗಿಲ ಹತ್ತಿರ ಹೋಗಿ ನಿಂತೆ. "ಇದ ಅಫಜಲಪುರ ಬಸ್ಸು. ಹತ್ತು ಮರೆಮ್ಮಾ, ಸೀಟ ಹಿಡದೇನಿ," ಅಂದೆ. ಆಕೆ ನನ್ನನ್ನು ನೋಡಿದಳು, ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ನೋಡಿದಳು. ಪಕ್ಕದಲ್ಲಿ ಕಾಲೇಜಿನ ಚೀಲ ಹಾಕಿಕೊಂಡು ನಿಂತಿದ್ದ ಒಬ್ಬ ಗುರುತಿಲ್ಲದ ಹುಡುಗಿಯ ಹತ್ತಿರ ಹೋದಳು.

"ಯವ್ವಾ, ಈ ಬಸ್ಸಿನ ಮ್ಯಾಲ ಏನ ಬರದೈತಿ, ಜರ್ರಾ ಓದಿ ಹೇಳವಾ."

"ಅಫಜಲಪುರ ರೀ ಆಯಿ," ಅಂದಳು ಹುಡುಗಿ.

ಆಮೇಲೆ ಮರೆಮ್ಮ ಬಸ್ಸು ಹತ್ತಿದಳು.